ನಾಲ್ಕು ಭಾಷೆಯಲ್ಲಿ ಬಾರದು, ಒಂದರಲ್ಲಿ ಬಹುದು

ಕೋವಿಡ್ ಸರಿದು ಹೈದರಾಬಾದಿನ ಪಶ್ಚಿಮ ಭಾಗದಲ್ಲಿ ಕಟ್ಟಡ ಕೆಲಸಗಳು ಮತ್ತೆ ಜೋರಾದ ವರ್ಷ ಅದು. ಆಗ ನಾನು ಬೇಗಂಪೇಟೆಯ ಒಂದು ವಿನ್ಯಾಸ ಸಂಸ್ಥೆಯಲ್ಲಿ ಬಹುಭಾಷಾ ಫಲಕಗಳ ವಿಭಾಗದ ಮುಖ್ಯಸ್ಥೆಯಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಹುಟ್ಟಿದ್ದು ಕಲಬುರಗಿಯಲ್ಲಿ, ಮದುವೆಯಾದ ಮೇಲೆ ಮನೆ ಮೆಹದಿಪಟ್ಟಣದಲ್ಲಿ. ಹೊರಗೆ ತೆಲುಗು, ಹಿಂದಿ ಆಡುತ್ತಾ, ಕಚೇರಿಯಲ್ಲಿ ಐದಾರು ಲಿಪಿಗಳ ಜೊತೆ ಬದುಕಿದವಳು ನಾನು.

ನಮ್ಮ ಕೆಲಸ ಏನೆಂದು ಸ್ವಲ್ಪ ಹೇಳಬೇಕು. ಒಂದೇ ಫಲಕದ ಮೇಲೆ ಹಲವು ಲಿಪಿಗಳನ್ನು ಕೂರಿಸುವುದು ಕಷ್ಟ. ಹಿಂದಿ ಅಕ್ಷರಗಳು ತಲೆಗೆರೆಯಿಂದ ಕೆಳಗೆ ಇಳಿಬೀಳುತ್ತವೆ. ಉರ್ದು ಬಲದಿಂದ ಎಡಕ್ಕೆ ಓರೆಯಾಗಿ ಇಳಿಯುತ್ತದೆ. ಕನ್ನಡ, ತೆಲುಗುಗಳಿಗೆ ಒತ್ತಕ್ಷರಕ್ಕಾಗಿ ಸಾಲಿನ ಕೆಳಗೆ ಜಾಗ ಬೇಕು. ಎಲ್ಲವನ್ನೂ ಒಂದೇ ಅಳತೆಯಲ್ಲಿ ಇಟ್ಟರೆ ಒಂದು ದೊಡ್ಡದಾಗಿ, ಒಂದು ಬಡಕಲಾಗಿ ಕಾಣುತ್ತದೆ. ನೋಡುವವರ ಕಣ್ಣಿಗೆ ಯಾವ ಭಾಷೆಯೂ ಕೀಳಾಗಿ ಕಾಣದಂತೆ ತೂಗಿಸುವುದೇ ನನ್ನ ಕಸುಬು. ಅದರ ಬಗ್ಗೆ ನನಗೆ ಹೆಮ್ಮೆ ಇತ್ತು, ಸ್ವಲ್ಪ ಹೆಚ್ಚೇ ಇತ್ತು.

ಆ ಚಳಿಗಾಲದಲ್ಲಿ ಒಬ್ಬ ದೊಡ್ಡ ಬಿಲ್ಡರ್ ಎರಡು ಕೆಲಸ ಒಟ್ಟಿಗೆ ಕೊಟ್ಟರು. ಫೆಬ್ರುವರಿಯ ಮಾತೃಭಾಷಾ ದಿನಕ್ಕೆ ಅವರ ಬಹುಮಹಡಿ ಕಟ್ಟಡದ ಆವರಣದ ತಗಡಿನ ಮೇಲೆ ‘ಮನೆ’ ಎಂಬ ಪದವನ್ನು ಹಲವು ಭಾಷೆಗಳಲ್ಲಿ ಬರೆದ ಉದ್ದನೆಯ ಗೋಡೆಯೊಂದು ಆಗಬೇಕಿತ್ತು. ಅದರ ಜೊತೆಗೆ ಒಳಗಿನ ಕಾರ್ಮಿಕರಿಗಾಗಿ ತೆಲುಗು, ಹಿಂದಿ, ಉರ್ದು, ಒಡಿಯಾ, ಕನ್ನಡದಲ್ಲಿ ಸುರಕ್ಷತಾ ಫಲಕಗಳು. ಅಲ್ಲಿ ದುಡಿಯುವವರಲ್ಲಿ ಯಾದಗಿರಿ, ರಾಯಚೂರು ಕಡೆಯವರು ಬಹಳ ಜನ ಇದ್ದರು. ಕನ್ನಡ ಸೇರಿಸಲೇಬೇಕೆಂದು ಹಠ ಹಿಡಿದವಳು ನಾನೇ.

ಸೈಟಿನ ಸೇಫ್ಟಿ ಆಫೀಸರ್ ವೆಂಕಟ ರೆಡ್ಡಿ ಕಡಿಮೆ ಮಾತಿನ ಮನುಷ್ಯ. ಪ್ರತಿ ಫಲಕದ ಮೇಲೂ ಕೆಂಪು ಅಡ್ಡಗೆರೆಯ ಚಿತ್ರ ದೊಡ್ಡದಾಗಿ ಇರಲಿ ಎಂದು ಅವರು ಕೇಳಿದರು. ಚಿತ್ರ ದೊಡ್ಡದಾದರೆ ಐದು ಭಾಷೆಗಳಿಗೂ ಜಾಗ ಸಾಲದು, ಅಕ್ಷರಗಳು ಮಂಕಾಗುತ್ತವೆ ಎಂದು ನಾನು ವಾದಿಸಿ, ಅದನ್ನು ಮೂಲೆಯಲ್ಲಿ ಅಂಗೈಯಷ್ಟಕ್ಕೆ ಇಳಿಸಿದೆ. ಅವರು ಒಪ್ಪಲಿಲ್ಲ, ಆದರೆ ಮೇಲಿನವರಿಗೆ ನನ್ನ ವಿನ್ಯಾಸ ಹಿಡಿಸಿತ್ತು.

ಫಲಕಗಳು ಏರಿದ ಎಂಟನೆಯ ದಿನ ಗೋಡೆಯ ಉದ್ಘಾಟನೆ. ಶಾಮಿಯಾನ, ಹೂವು, ಭಾಷಣ ಎಲ್ಲ ಆಯಿತು. ಭಾಷಣದ ಉದ್ದಕ್ಕೂ ಒಳಗೆ ಕೆಲಸದ ಸದ್ದೇ ಇರಲಿಲ್ಲ. ಕ್ರೇನು ನಿಂತಿತ್ತು. ಕಾರ್ಮಿಕರು ಕಟ್ಟಡದ ನೆರಳಿನಲ್ಲಿ ಗುಂಪುಗುಂಪಾಗಿ ಕೂತು ನಮ್ಮನ್ನು ನೋಡುತ್ತಿದ್ದರು; ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಬ್ಬಕ್ಕೆ ರಜೆ ಕೊಟ್ಟಿರಬೇಕು ಎಂದುಕೊಂಡೆ.

ಕಾರ್ಯಕ್ರಮ ಮುಗಿದ ಮೇಲೆ ರೆಡ್ಡಿಯವರು ನನ್ನನ್ನು ಸೈಟ್ ಆಫೀಸಿಗೆ ಕರೆದೊಯ್ದರು. ನಡೆದದ್ದು ಗೊತ್ತಾದದ್ದು ಅಲ್ಲೇ. ಹಿಂದಿನ ದಿನ ಬೆಳಿಗ್ಗೆ ನಾಲ್ವರು ಹೆಂಗಸರು ಸಾಮಾನು ಸಾಗಿಸುವ ಲಿಫ್ಟಿನಲ್ಲಿ ಮೇಲೆ ಹೋಗಿದ್ದರು. ಇಟ್ಟಿಗೆ, ಸಿಮೆಂಟಿಗಾಗಿ ಮಾಡಿದ ಅದಕ್ಕೆ ಪಕ್ಕದ ಗೋಡೆಗಳಿಲ್ಲ, ಬಾಗಿಲಿಲ್ಲ. ಮೂರನೆಯ ಮಹಡಿ ಸಮೀಪಿಸುವಾಗ ಅದು ಜರ್ಕ್ ಹೊಡೆದು ನಿಂತಿತು. ಶಾಂತಮ್ಮ ಎಂಬಾಕೆ ಆಯ ತಪ್ಪಿ ಕೆಳಗೆ ಬಿದ್ದಳು. ಜೀವ ಉಳಿದಿತ್ತು. ಸೊಂಟದ ಮೂಳೆ ಮುರಿದಿತ್ತು.

ಮೇಜಿನ ಮೇಲೆ ವರದಿಯ ಕರಡು ಇತ್ತು. ಐದು ಭಾಷೆಗಳಲ್ಲಿ ಎಚ್ಚರಿಕೆ ಇದ್ದರೂ ಕಾರ್ಮಿಕರಿಗೆ ಓದಲು ಬಾರದೆ ಅಪಘಾತ ಆಯಿತು ಎಂದು ಅದರಲ್ಲಿ ಬರೆದಿತ್ತು. ಎಲ್ಲ ಭಾಷೆಗಳಲ್ಲೂ ಫಲಕ ಸರಿಯಾಗಿದೆ ಎಂದು ನಮ್ಮ ಸಂಸ್ಥೆಯ ಪರವಾಗಿ ನಾನೊಂದು ಸಾಲು ಬರೆದು ಸಹಿ ಹಾಕಬೇಕಿತ್ತು. ನಾನು ಪೆನ್ನು ತೆಗೆದೂ ಆಗಿತ್ತು. ರೆಡ್ಡಿಯವರು ತೆಲುಗಿನಲ್ಲಿ ಮೆಲ್ಲಗೆ ಹೇಳಿದರು: “ಸಹಿ ಹಾಕುವ ಮುಂಚೆ ಒಮ್ಮೆ ಫಲಕ ನೋಡಿ ಬನ್ನಿ ಮೇಡಂ. ನನಗೆ ಕನ್ನಡ ಓದಲು ಬರುವುದಿಲ್ಲ. ಆದರೆ ಆ ಹೆಂಗಸರು ಬೇರೆ ಏನೋ ಹೇಳುತ್ತಿದ್ದಾರೆ.”

ಲಿಫ್ಟಿನ ಸುತ್ತ ಹಗ್ಗ ಕಟ್ಟಿದ್ದರು. ಫಲಕ ಸುಂದರವಾಗಿತ್ತು. ಐದು ಲಿಪಿಗಳೂ ಸಮತೂಕದಲ್ಲಿ ನಿಂತಿದ್ದವು; ಕೆಂಪು ಅಡ್ಡಗೆರೆಯ ಚಿತ್ರ ಮೂಲೆಯಲ್ಲಿ ಕಂಡೂ ಕಾಣದಂತಿತ್ತು. ತೆಲುಗು, ಹಿಂದಿ, ಉರ್ದು ಓದಿದೆ. ಜನ ಹೋಗಬಾರದು ಎಂದೇ ಇತ್ತು. ಒಡಿಯಾ ನನಗೆ ಬಾರದು. ಅದನ್ನು ಆಮೇಲೆ ಓದಿಸಿದಾಗ ಅದೂ ಸರಿ ಇತ್ತು. ಕೊನೆಯ ಸಾಲು ಕನ್ನಡ: “ಈ ಲಿಫ್ಟಿನಲ್ಲಿ ಜನರು ಹೋಗಬಹುದು.”

ಮೂರು ಸಲ ಓದಿದೆ. ಅಲ್ಲೇ ನಿಂತು ಫೋನು ತೆಗೆದೆ.

ಎಲ್ಲಿ ತಪ್ಪಿತೆಂದು ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ; ಅದು ನನ್ನ ಫೋನಿನಲ್ಲೇ ಇತ್ತು. ಅನುವಾದಕರು ಕೊಟ್ಟಿದ್ದ ಮೂಲದಲ್ಲಿ “ಪ್ರಯಾಣಿಸತಕ್ಕದ್ದಲ್ಲ” ಎಂದಿತ್ತು. ಯಾದಗಿರಿಯ ಕೂಲಿಯವರಿಗೆ ಈ ಸರ್ಕಾರಿ ಕನ್ನಡ ಏಕೆ ಎಂದು, ಕ್ಯಾಬಿನಲ್ಲಿ ಹೋಗುತ್ತಾ ಸರಳವಾದ ಸಾಲು ಟೈಪ್ ಮಾಡಿ, ಕಚೇರಿಯಲ್ಲಿ ಅಕ್ಷರ ಜೋಡಿಸುವ ನಮ್ಮ ಆಪರೇಟರಿಗೆ ಕಳಿಸಿದ್ದೆ. ‘ಹೋಗಬ’ ಎಂದು ಒತ್ತುತ್ತಲೇ ಫೋನು ತಾನಾಗಿ ಪೂರ್ತಿ ಪದ ಸೂಚಿಸಿತ್ತು, ನಾನು ಅದನ್ನೇ ಒತ್ತಿದ್ದೆ. ಆಪರೇಟರ್ ತೆಲುಗಿನವರು, ಕಳಿಸಿದ್ದನ್ನು ಹಾಗೆಯೇ ಕೂರಿಸಿದ್ದರು. ಮರುದಿನ ಅವರು ಪ್ರೂಫ್, ಅಂದರೆ ಅಚ್ಚಿಗೆ ಮುಂಚಿನ ನಕಲು, ಕಳಿಸಿದಾಗ ನಾನು ಹಿಗ್ಗಿಸಿ ನೋಡಿದ್ದೆ. ನನ್ನ ಉತ್ತರ ಅಲ್ಲಿಯೇ ಇತ್ತು: “ಕನ್ನಡದಲ್ಲಿ ಹು, ದು ನಡುವಿನ ಜಾಗ ಸ್ವಲ್ಪ ಕಡಿಮೆ ಮಾಡಿ. ಉಳಿದದ್ದು ಓಕೆ.” ಆ ಎರಡು ಅಕ್ಷರಗಳನ್ನು ಅಷ್ಟು ಹತ್ತಿರದಿಂದ ನೋಡಿದ್ದೆ, ಪದವನ್ನು ಓದಿರಲಿಲ್ಲ.

ಆ ಸಂದೇಶ ಅಳಿಸಿಬಿಡುವ ಯೋಚನೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬೆರಳು ಅದರ ಮೇಲೆ ಇಟ್ಟಿದ್ದೆ. ಅಷ್ಟರಲ್ಲಿ ಇನ್ನೊಂದು ವಿಷಯ ನೆನಪಾಯಿತು. ಅದೇ ಬಿಲ್ಡರಿನ ಇನ್ನೆರಡು ಸೈಟುಗಳಿಗೂ ಇದೇ ಫೈಲು ಹೋಗಿತ್ತು.

ರೆಡ್ಡಿಯವರಿಗೆ ಎಲ್ಲ ಹೇಳಿದೆ. ಅವರು ಜೀಪಿನ ಕೀಲಿ ತೆಗೆದುಕೊಂಡರು. ದಾರಿಯುದ್ದಕ್ಕೂ ಎರಡೂ ಕಡೆ ಫೋನ್ ಮಾಡುತ್ತಲೇ ಇದ್ದೆವು. ಮೊದಲ ಸೈಟಿನಲ್ಲಿ ಎತ್ತಿದರು. ಫಲಕ ಇನ್ನೂ ಗೋದಾಮಿನಲ್ಲಿತ್ತು. ಎರಡನೆಯ ಕಡೆ ಯಾರೂ ಎತ್ತಲಿಲ್ಲ. ಗೇಟಿನ ಒಳಗೆ ಹೋದಾಗ ಲಿಫ್ಟು ಮೇಲೇರುತ್ತಿತ್ತು. ಅದರಲ್ಲಿ ಐದಾರು ಜನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದರು, ಲಿಫ್ಟಿನ ತಳದ ಹಲಗೆಯ ಅಂಚಿನಿಂದ ಒಬ್ಬಳ ಕಾಲು ಹೊರಗೆ ಇಳಿಬಿದ್ದಿತ್ತು. ಕೂಗಿದರೆ ಬೆದರಿ ಎದ್ದಾರು ಎಂದು ರೆಡ್ಡಿಯವರು ನನ್ನ ತೋಳು ಹಿಡಿದರು. ಅದು ಏಳನೆಯ ಮಹಡಿ ಮುಟ್ಟಿ, ಅವರು ಒಬ್ಬೊಬ್ಬರಾಗಿ ಒಳಗೆ ಇಳಿಯುವವರೆಗೆ ನಾವು ಕೆಳಗೆ ನಿಂತಿದ್ದೆವು. ಆ ನಿಮಿಷಗಳಷ್ಟು ಉದ್ದದ ಕಾಲವನ್ನು ನಾನು ಬೇರೆ ಕಂಡಿಲ್ಲ. ಆಮೇಲೆ ಲಿಫ್ಟು ನಿಲ್ಲಿಸಿ, ಅಲ್ಲಿಯ ಫಲಕವನ್ನೂ ಕಳಚಿಸಿದೆವು.

ಸಂಜೆ ಆಸ್ಪತ್ರೆಗೆ ಹೋದೆ. ಶಾಂತಮ್ಮನಿಗೆ ಎಚ್ಚರ ಇರಲಿಲ್ಲ. ವಾರ್ಡಿನ ಹೊರಗೆ ಮಲ್ಲಮ್ಮ ಒಬ್ಬಳೇ ಕೂತಿದ್ದಳು, ಲಿಫ್ಟಿನಲ್ಲಿದ್ದ ನಾಲ್ವರಲ್ಲಿ ಒಬ್ಬಳು, ಶಹಾಪುರದ ಕಡೆಯವಳು. ಶಾಂತಮ್ಮನ ಮನೆಯವರು ಅವಳನ್ನು ಒಳಗೆ ಬಿಟ್ಟಿರಲಿಲ್ಲ. ನಾಲ್ವರಲ್ಲಿ ಏಳನೆಯ ಇಯತ್ತೆವರೆಗೆ ಓದಿದವಳು ಅವಳೊಬ್ಬಳೇ.

“ನಾನಽ ಓದಿ ಹೇಳಿದ್ನಿರಿ ಅಕ್ಕಾರ,” ಎಂದಳು. “ಉಳಿದದ್ದು ನಮಗ ತಿಳೀತಿರಲಿಲ್ಲ. ನಮ್ಮ ಭಾಷಾದಾಗ ಬರದಾರ, ಹೋಗಬಹುದು ಅಂತ ಐತಿ, ಬರ್ರಿ ಅಂದ್ನಿ. ಈಗ ಎಲ್ಲಾರೂ ತಪ್ಪ ಓದೀದಿ ಅಂತಾರ. ತಪ್ಪ ಓದಿದ್ನೇನ್ರಿ?”

ಹಿಂದಿನ ದಿನದಿಂದ ಅವಳು ಆ ಒಂದು ಸಾಲನ್ನು ಮನಸ್ಸಿನಲ್ಲೇ ಕೂಡಿಸಿ ಕೂಡಿಸಿ ಓದುತ್ತಿದ್ದಳಂತೆ.

“ಇಲ್ಲವ್ವ, ನೀ ಬರೋಬ್ಬರಿ ಓದೀದಿ,” ಎಂದೆ. “ತಪ್ಪ ಬರದಾಕಿ ನಾನು.”

ಅವಳು ಬಯ್ಯಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅವಳನ್ನು ಕರೆದುಕೊಂಡು ಒಳಗೆ ಹೋಗಿ, ಶಾಂತಮ್ಮನ ಗಂಡನ ಮುಂದೆಯೂ ಅದೇ ಮಾತು ಹೇಳಿದೆ. ಆತ ಕೈ ಎತ್ತಲು ಬಂದವನು ತಡೆದುಕೊಂಡ.

ಮರುದಿನ ಲಿಖಿತ ಹೇಳಿಕೆ ಕೊಟ್ಟೆ. ಕಾರ್ಮಿಕರಿಗೆ ಓದಲು ಬರುತ್ತಿತ್ತು, ಓದಿದ್ದರಿಂದಲೇ ಹತ್ತಿದರು, ತಪ್ಪು ಸಾಲು ನನ್ನದು ಎಂದು ಬರೆದು, ಫೋನಿನ ಸಂದೇಶಗಳನ್ನು ಜೊತೆಗಿಟ್ಟೆ. ವರದಿ ಬದಲಾಯಿತು. ಶಾಂತಮ್ಮನ ಚಿಕಿತ್ಸೆ, ಪರಿಹಾರ ತಪ್ಪಲಿಲ್ಲ; ಆದರೆ ಅವಳು ಕೋಲು ಹಿಡಿದೇ ಊರಿಗೆ ಹೋದಳು. ನಮ್ಮ ಸಂಸ್ಥೆಗೆ ಆ ಬಿಲ್ಡರಿನ ಕೆಲಸ ತಪ್ಪಿತು. ನನ್ನನ್ನು ವಿಭಾಗದ ಮುಖ್ಯಸ್ಥೆಯ ಸ್ಥಾನದಿಂದ ಇಳಿಸಿದರು, ಅದು ನ್ಯಾಯವೇ ಆಗಿತ್ತು.

ಉಳಿದ ಎರಡು ವರ್ಷ ನಾನು ಒಂದೇ ನಿಯಮಕ್ಕಾಗಿ ಹೋರಾಡಿದೆ. ಯಾವ ಫಲಕವೂ ಆ ಭಾಷೆಯ ಕೂಲಿಯವರೊಬ್ಬರು ಗಟ್ಟಿಯಾಗಿ ಓದಿ, ತಿಳಿದದ್ದನ್ನು ತಮ್ಮ ಮಾತಿನಲ್ಲಿ ಹೇಳುವವರೆಗೆ ಗೋಡೆ ಏರಬಾರದು. ಕನ್ನಡಕ್ಕೆ ಮಲ್ಲಮ್ಮನನ್ನೇ ಕೇಳೋಣವೆಂದು ಅವಳ ಶೆಡ್ಡಿಗೆ ಹೋಗಿದ್ದೆ. ಚಹಾ ಕೊಟ್ಟಳು, ಮಾತಾಡಿಸಿದಳು. ಹಾಳೆ ಮುಂದೆ ಇಟ್ಟಾಗ ಮುಟ್ಟಲಿಲ್ಲ.

“ಬ್ಯಾಡ್ರಿ ಅಕ್ಕಾರ. ಓದಾಕಿ ನಾನು, ಬೀಳಾವ್ರು ಮಂದಿ.”

ಈ ವೃತ್ತಿ ಕಲಿಸಿದ್ದು ಇದು. ಹೆಚ್ಚು ಓದಿದವರು ಬರಹವನ್ನು ಸುಲಭವಾಗಿ ಅನುಮಾನಿಸುತ್ತಾರೆ. ಕಷ್ಟಪಟ್ಟು ನಾಲ್ಕಕ್ಷರ ಕಲಿತವರು, ಪರವೂರಿನಲ್ಲಿ ತಮ್ಮ ಲಿಪಿ ಕಂಡಾಗ, ಅದನ್ನು ತವರಿನವರ ಮಾತಿನಂತೆ ನಂಬಿಬಿಡುತ್ತಾರೆ. ಅವರ ಪರವಾಗಿ ಅನುಮಾನಪಡಬೇಕಾದವರು ಬರೆಯುವ ನಾವು.