ಪಕ್ಕಪಕ್ಕದ ಎರಡು ಸೀಟು

ರೆಕ್ಸಿನ್‌ಗೆ ಹಚ್ಚುವ ಸಲ್ಯೂಷನ್ನಿನ ವಾಸನೆ ಮೊನ್ನೆ ಯಲ್ಲಾಪುರದಲ್ಲಿ ಮೂಗಿಗೆ ಬಡಿಯಿತು. ನನ್ನ ಹಳೆಯ ಸ್ಕೂಟರಿನ ಸೀಟು ಬದಲಿಸಲು ಹೋಗಿದ್ದೆ. ನಮ್ಮೂರಿನವರೆಲ್ಲ ಸೀಟಿನ ಮಾವ ಎನ್ನುತ್ತಿದ್ದವರು ನೆನಪಾದರು.

ಲಾರಿ, ಸ್ಕೂಟರುಗಳ ಸೀಟು ಹೊಲಿಯುತ್ತಿದ್ದ ಅವರು ಯೌವನದಲ್ಲಿ ವಾಯುಪಡೆಯಲ್ಲಿದ್ದು ವಿಮಾನದ ಸೀಟು ಹೊಲಿಯುತ್ತಿದ್ದರಂತೆ. ಪೇಟೆಯವರಿಗೆ ಅದು ಬರೀ ಬುರುಡೆ. ಹಾರುವ ವಿಮಾನ ತೋರಿಸಿದರೆ ಅವರಿಗೆ ಗುರುತು ಸಿಗುತ್ತಿರಲಿಲ್ಲ, ನಿಜ. ಆದರೆ ಪೈಲಟ್ ಕೂರುವ ಜಾಗದ ಚಿತ್ರ ಕೊಟ್ಟು ನೋಡಬೇಕು! ಯಾರೂ ಕೇಳಿರದ ಹಳೆಯ ವಿಮಾನದ ಹೆಸರನ್ನೂ ಥಟ್ಟನೆ ಹೇಳುತ್ತಿದ್ದರು.

ಊರಿನ ರಸಪ್ರಶ್ನೆ ನಡೆಸುತ್ತಿದ್ದವಳು ನಾನು, ಶಾಲೆಯ ಅಕ್ಕೋರು. ಒಮ್ಮೆ ಅಂಥದೇ ಚಿತ್ರವನ್ನು ಸಭೆಗೆ ಎತ್ತಿ ತೋರಿಸಿದೆ. ಮಾವ ಎದ್ದು "ಪ್ರೆಂಟಿಸ್" ಎಂದರು. ನನ್ನ ಉತ್ತರದ ಚೀಟಿಯಲ್ಲಿದ್ದದ್ದು ಇನ್ನೊಂದು ವಿಮಾನದ ಹೆಸರು, ಹಾರ್ವರ್ಡ್.

"ಅಲ್ಲ ಅಕ್ಕೋರೆ, ಹಾರ್ವರ್ಡಲ್ಲಿ ಸೀಟು ಒಂದರ ಹಿಂದೊಂದು ಇರ್ತದೆ. ಇದ್ರಲ್ಲಿ ಪಕ್ಕಪಕ್ಕ ಅದೆ. ನಾನೇ ಹೊಲ್ದಿದ್ದಲ್ವಾ..."

ಎಲ್ಲರೆದುರು ತಿದ್ದಿದರಲ್ಲ ಎಂದು ರೇಗಿತು. "ಮಾವ, ಇದು ಲಾರಿ ಸೀಟಲ್ಲ" ಎಂದು ಮೈಕಿನಲ್ಲೇ ಅಂದುಬಿಟ್ಟೆ. ಸಭೆ ಬಿದ್ದು ಬಿದ್ದು ನಕ್ಕಿತು. ಮಾವ ಕೂತರು.

ತಿಂಗಳೊಳಗೆ ಶಿರಸಿಯ ಲೈಬ್ರರಿಯಲ್ಲಿ ಅದೇ ಚಿತ್ರ ಸಿಕ್ಕಿತು. ಕೆಳಗೆ ಪ್ರೆಂಟಿಸ್ ಎಂದಿತ್ತು. ಚೀಟಿ ಬರೆಯುವಾಗ ಹೆಸರು ಅದಲುಬದಲು ಮಾಡಿದವಳು ನಾನೇ. ಆ ಪುಟದ ಝೆರಾಕ್ಸ್ ಮಾಡಿಸಿಕೊಂಡು, ಸ್ಕೂಟರಿನ ಸೀಟು ಹೊಲಿಸುವ ನೆಪದಲ್ಲಿ ಮಾವನ ಅಂಗಡಿಗೆ ಹೋದೆ. ಅಲ್ಲಿ ಇಬ್ಬರು ಲಾರಿಯವರು ಕೂತಿದ್ದರು. ತುಂಬಿದ ಸಭೆಯನ್ನು ನಗಿಸಿದವಳಿಗೆ ಇಬ್ಬರೆದುರು ತಪ್ಪೊಪ್ಪಿಕೊಳ್ಳಲು ಬಾಯಿ ಬರಲಿಲ್ಲ.

ಹೊಲಿಯುತ್ತಲೇ ಮಾವ ಕೇಳಿದರು. "ಅಕ್ಕೋರೆ, ಆ ಫೋಟೋ ಇನ್ನೊಮ್ಮೆ ತೋರಿಸ್ತೀರಾ? ನಾನು ಹೊಲ್ದಿದ್ದು ನಾನೇ ಮರ್ತೆನಾ ಎಂತದೋ..."

"ಕಳೆದುಹೋಯ್ತು ಮಾವ" ಎಂದೆ. ಕೈ ಝೆರಾಕ್ಸ್ ಇದ್ದ ಬ್ಯಾಗಿನ ಮೇಲೇ ಇತ್ತು. ಎಂಥ ಹೆಂಗಸು ನಾನು!

ಆಮೇಲೆ ಯಾರು ಚಿತ್ರ ತೋರಿಸಿದರೂ "ನಂಗೆ ಗೊತ್ತಾಗೂದಿಲ್ಲ" ಎನ್ನುತ್ತಿದ್ದರಂತೆ. ನಾಳೆ ಹೋಗಿ ಹೇಳೋಣ, ನಾಡಿದ್ದು ಹೇಳೋಣ ಎನ್ನುತ್ತಲೇ ಇದ್ದೆ... ಒಂದು ದಿನ ಅವರು ತೀರಿಕೊಂಡ ಸುದ್ದಿ ಬಂತು.

ಮೊನ್ನೆ ಯಲ್ಲಾಪುರದ ಅಂಗಡಿಯವರು ಮಾವನ ಆ ಹಳೆಯ ಹೊಲಿಗೆಯನ್ನು ಬಿಚ್ಚಲಾರದೆ ಬ್ಲೇಡು ಹುಡುಕಿದರು. "ಎಂತಾ ಗಟ್ಟಿ ಹೊಲಿಗೆ ಅಕ್ಕೋರೆ! ಯಾರು ಹೊಲ್ದಿದ್ದು?"

"ವಿಮಾನದ ಸೀಟು ಹೊಲಿಯುತ್ತಿದ್ದವರು" ಎಂದೆ.

ಅವರು ಜೋರಾಗಿ ನಕ್ಕರು. ಮೂವತ್ತು ವರ್ಷದ ಹಿಂದೆ ನಾನೇ ನಗಿಸಿದ್ದೆನಲ್ಲ, ಅದೇ ನಗು.

"ನಗಬೇಡಿ, ಅದು ನಿಜ. ತಪ್ಪಿದ್ದು ನಾನು" ಎಂದೆ. ಕೇಳಿಸಿಕೊಳ್ಳಬೇಕಾದವರು ಮಾತ್ರ ಅಲ್ಲಿರಲಿಲ್ಲ.