ಬುತ್ತಿಯೊಳಗೆ ಬಂದ ಬಿಲ್ಲುಗಳು

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಹುಟ್ಟಿದ್ದು ಬೈಲಹೊಂಗಲದಲ್ಲಿ, ನಮ್ಮ ಮನೆಯಲ್ಲಿ, ನಡುಮನೆಯ ಪಕ್ಕದ ಕೋಣೆಯಲ್ಲಿ. ಇದನ್ನು ಮೊದಲು ಬರೆದುಬಿಡುತ್ತೇನೆ, ಉಳಿದದ್ದು ಆಮೇಲೆ. ಕೂಸಿಗೆ ತಲೆ ತುಂಬ ಕೂದಲು. ಮೂಗು ನಮ್ಮ ಕಡೆಯದು. ತಮ್ಮ ಕಡೆಯದು ಅಂತ ನನ್ನ ಬೀಗತಿ, ಅಂದರೆ ಸೊಸೆಯ ತಾಯಿ, ಬಂದವರ ಮುಂದೆಲ್ಲ ಹೇಳುತ್ತಾಳೆ. ಹೇಳಲಿ. ಕನ್ನಡಿ ಎಲ್ಲರ ಮನೆಯಲ್ಲೂ ಇದೆ.

ನಾನು ನಾಲ್ಕನೆಯ ಇಯತ್ತೆವರೆಗೆ ಸಾಲೆ ಕಲಿತವಳು. ಬರೆಯುವ ರೂಢಿ ತಪ್ಪಿ ಬಹಳ ದಿನವಾಯಿತು. ಕೂಸಿಗೆ ಇನ್ನೂ ಹೆಸರಿಟ್ಟಿಲ್ಲ. ಹೆಸರಿಡುವ ಗದ್ದಲ ಸುರುವಾಗುವ ಮೊದಲು ಇಷ್ಟನ್ನು ಬರೆದಿಡಬೇಕೆಂದು ಕುಳಿತಿದ್ದೇನೆ, ಯಾಕೆಂದರೆ ಇವಳು ನಮ್ಮ ಮನೆಯಲ್ಲಿ ಹುಟ್ಟಬೇಕಾದವಳೇ ಅಲ್ಲ.

ನಮ್ಮಲ್ಲಿ ಚೊಚ್ಚಲ ಹೆರಿಗೆ ತವರುಮನೆಯಲ್ಲಿ. ಅದಕ್ಕೆ ಎರಡು ಮಾತಿಲ್ಲ. ಸೀಮಂತದ ಕುಬಸ ಮಾಡಿ, ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಸೊಸೆಯನ್ನು ಅವಳ ತಾಯಿಯ ಜೊತೆ ಕಳಿಸಬೇಕು. ಕೂಸು ಹುಟ್ಟಿ ಮೂರೋ ಐದೋ ತಿಂಗಳಾದ ಮೇಲೆ ನಮ್ಮ ಹೊಸ್ತಿಲು ದಾಟುತ್ತದೆ. ಅಷ್ಟರಲ್ಲಿ ಅದಕ್ಕೆ ಒಬ್ಬ ಆಯಿಯ, ಅಂದರೆ ತಾಯಿಯ ಕಡೆಯ ಅಜ್ಜಿಯ, ಮೈವಾಸನೆ ಗುರುತಾಗಿರುತ್ತದೆ. ಎರಡನೆಯ ಆಯಿ ಎತ್ತಿಕೊಂಡರೆ ಅಳುತ್ತದೆ. ನನ್ನ ಮಗನೂ ಹಾಗೆಯೇ ನನ್ನ ಅತ್ತೆಯ ಕೈಯಲ್ಲಿ ಕಿರುಚಿ ಅತ್ತಿದ್ದ. ಅತ್ತೆ ಆ ಸಂಜೆ ಹಸಿವಿಲ್ಲವೆಂದು ಎದ್ದು ಹೋದರು. ಈಗ ಆ ಎರಡನೆಯ ಆಯಿ ನಾನಾಗುವವಳಿದ್ದೆ.

ಬೀಗತಿಯ ಊರು ರಾಮದುರ್ಗದ ಕಡೆಯ ತೊರಗಲ್. ಕೋಟೆಯ ಕೆಳಗೆ ಮನೆ, ಹಿತ್ತಲಲ್ಲಿ ಎರಡು ಎಮ್ಮೆ. ನನಗಿಂತ ಸಣ್ಣವಳು, ನನಗಿಂತ ಎತ್ತರ. ಆಕೆ ಬಡಿದ ರೊಟ್ಟಿ ಹಾಳೆಯ ಹಾಗೆ ತೆಳ್ಳಗೆ. ಇದನ್ನು ನಾನು ಹೇಳುತ್ತಿಲ್ಲ, ನಮ್ಮ ಮನೆಯವರು ಹೇಳುತ್ತಾರೆ, ಅದನ್ನೂ ನನ್ನ ರೊಟ್ಟಿ ತಿನ್ನುತ್ತ ಹೇಳುತ್ತಾರೆ. ಸೊಸೆ ಮದುವೆಯಾಗಿ ಬಂದಾಗಿನಿಂದ ಏನು ಮಾಡಿ ಬಡಿಸಿದರೂ “ಚಲೋ ಆಗೇತ್ರಿ ಅತ್ತಿ” ಅನ್ನುತ್ತಿದ್ದಳು. ಆ ಮಾತಿನ ಹಿಂದೆ ಅವಳ ಅವ್ವನ ಅಡುಗೆ ನಿಂತು ನಗುತ್ತಿದೆಯೇನೋ ಅಂತ ನನಗೆ ಅನಿಸುತ್ತಿತ್ತು.

ಸೊಸೆ ಮ್ಯಾಟ್ರಿಕ್ ಪಾಸಾಗಿ ಬೈಲಹೊಂಗಲದ ಶಿಕ್ಷಣ ಕಚೇರಿಯಲ್ಲಿ ಲೆಕ್ಕದ ಕೆಲಸದಲ್ಲಿದ್ದಾಳೆ. ಈ ವರ್ಷ ಸಾಲೆಗಳಿಗೆ ವಿಜ್ಞಾನದ ಸಾಮಾನು ಕೊಳ್ಳಲು ದಿಲ್ಲಿ ಸರಕಾರದಿಂದ ಅನುದಾನ ಬಂದಿತ್ತು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ಎಲ್ಲ ಕಡೆಯ ಸಾಲೆಗಳ ಖರ್ಚು ಇವಳ ಮೇಜಿನ ಮೇಲೆ ಕೂಡಬೇಕು. ದಿಲ್ಲಿಯ ರೊಕ್ಕದ ರೀತಿಯೇ ಬೇರೆಯಂತೆ. ಯಾವುದಕ್ಕೆ ಕೊಟ್ಟಿದ್ದಾರೋ ಅದಕ್ಕೇ ಹೋಗಬೇಕು. ಗ್ಲೋಬು ಕೊಳ್ಳಲು ಕೊಟ್ಟದ್ದರಲ್ಲಿ ಬೆಂಚು ಮಾಡಿಸಿದರೆ ನಡೆಯುವುದಿಲ್ಲ. ಪ್ರತಿ ಸಾಮಾನಿಗೂ ಅಂಗಡಿಯ ಬಿಲ್ಲು, ಬಿಲ್ಲಿಗೆ ರೆವಿನ್ಯೂ ತಿಕೀಟು, ಹೆಡ್‌ಮಾಸ್ತರರ ಸಹಿ, ಸಾಲೆಯ ಶಿಕ್ಕಾ. ಆಡಿಟ್ ಸಾಹೇಬರು ಬಂದು ನೋಡಿ ಒಪ್ಪಿದರೆ, ರೊಕ್ಕ ಸರಿಯಾಗಿ ಖರ್ಚಾಯಿತೆಂಬ ಸರ್ಟಿಫಿಕೇಟು ಮೇಲೆ ಹೋಗುತ್ತದೆ. ಒಪ್ಪದಿದ್ದರೆ ಆ ಸಾಲೆ ಅಷ್ಟನ್ನೂ ವಾಪಸು ಕಟ್ಟಬೇಕು. ತುರ್ತು ಪರಿಸ್ಥಿತಿ ಬಂದಾಗಿನಿಂದ ಕಚೇರಿಗಳೆಲ್ಲ ಮೊದಲೇ ಬಿಗಿಯಾಗಿವೆ.

ಹೊಟ್ಟೆ ಮುಂದೆ ಬಂದು ಕುರ್ಚಿಯಲ್ಲಿ ಕೂಡುವುದು ಕಷ್ಟವಾದ ಮೇಲೆ ಸೊಸೆ ಸಾಹೇಬರ ಅಪ್ಪಣೆ ಪಡೆದು ಕೆಲಸವನ್ನು ಮನೆಗೆ ತರತೊಡಗಿದಳು. ಗೋಡೆಗೆ ಒರಗಿ ಕುಳಿತು ಅವಳು ನೋಡಿ ಗುರುತು ಹಾಕಿದ ಬಿಲ್ಲುಗಳನ್ನು ನಾನು ಗೋಣಿಚೀಲ ಹೊಲಿಯುವ ದಬ್ಬಣದಿಂದ ಚುಚ್ಚಿ ದಾರಕ್ಕೆ ಪೋಣಿಸುತ್ತಿದ್ದೆ. ಒಂದೊಂದು ಊರಿಗೆ ಒಂದೊಂದು ಸರ. ದೊಡವಾಡದ್ದು, ಸಂಪಗಾಂವದ್ದು ಅಂತ ನಾನೇ ಓದಿ ಸರ ಬದಲಿಸುತ್ತಿದ್ದೆ. ಹೊರಗೆ ಹೋದರೆ ನಾಲ್ಕು ಜನರಿಗೆ ಕೇಳುವ ಹಾಗೆ, “ದಿಲ್ಲಿ ಲೆಕ್ಕ ನಮ್ಮ ಮನ್ಯಾಗ ನಡದೈತಿ” ಅನ್ನುತ್ತಿದ್ದೆ. ಆ ದಿನಗಳಲ್ಲಿ ಸೊಸೆ ನನ್ನವಳಾಗಿದ್ದಳು.

ಕುಬಸ ಆದ ಮೇಲೆ ಬೀಗತಿ ಕರೆದುಕೊಂಡು ಹೋಗಲು ಎರಡು ಸಲ ಹೇಳಿಕಳಿಸಿದರೂ ಸೊಸೆ, “ಮಾರ್ಚ್ ಮುಗೀಲಿ, ರಾಮದುರ್ಗದ ಬಿಲ್ಲಷ್ಟ ಬಾಕಿ ಅದಾವ, ಅವು ಬಂದ ದಿವಸ ಎಲ್ಲಾ ಒಪ್ಪಿಸಿ ಬರತೇನಿ” ಅಂದಳು. ಹಾಗಾಗಿ ಯುಗಾದಿ ಕಳೆದ ಮೇಲೆ ಒಂದು ದಿನ ಬೀಗತಿ ತಾನೇ ಬಸ್ಸಿಳಿದು ಬಂದಳು. ತಲೆಯ ಮೇಲೆ ದೊಡ್ಡ ಬುತ್ತಿಬುಟ್ಟಿ.

“ಏನ್ರಿ ಅಕ್ಕಾರ, ಆರಾಮ ಅದೀರಿ?”

“ಆರಾಮ ಅದೀನ್ರಿ. ಬರ್ರಿ, ಕೈಕಾಲು ತೊಳಕೋರಿ, ಊಟಕ್ಕ ಹಾಕತೇನಿ.”

“ನಿಮ್ಮ ಮನ್ಯಾಗ ನಾ ಉಣ್ಣೂದು ಮೊಮ್ಮಕ್ಕಳಾದ ಮ್ಯಾಲರಿ. ನನ್ನ ಬುತ್ತಿ ನನಗೈತಿ.”

ಮಗಳಿಗೆ ಮಕ್ಕಳಾಗುವ ತನಕ ಅಳಿಯನ ಮನೆಯ ಅನ್ನ ಮುಟ್ಟುವುದಿಲ್ಲವೆಂಬುದು ಅವರ ಮನೆತನದ ಪದ್ಧತಿ. ಮದುವೆಯಾದಂದಿನಿಂದ ಆಕೆ ನಮ್ಮಲ್ಲಿ ನೀರು, ಚಹಾ ಬಿಟ್ಟರೆ ಏನನ್ನೂ ಮುಟ್ಟಿಲ್ಲ. ಪದ್ಧತಿ ಅಂತ ನಾನೂ ಒಪ್ಪಿದ್ದೆ. ಆದರೂ ನನ್ನ ಕೈರುಚಿ ನೋಡದೆಯೇ ಗೆದ್ದವಳ ಹಾಗೆ ಆಕೆ ಕೂಡುವುದನ್ನು ಕಂಡರೆ ನಾನು ಪಾತ್ರೆಗಳನ್ನು ಬೇಕಂತಲೇ ಸಪ್ಪಳ ಮಾಡಿ ಇಡುತ್ತಿದ್ದೆ.

ಸೊಸೆ ಹೊರಗೆ ಬಂದು, “ಅವ್ವಾ, ನಮ್ಮ ಕಡಿ ಬಿಲ್ಲ ಇನ್ನೂ ಬಂದಿಲ್ಲ” ಅಂದಳು.

“ನಾ ತಂದೇನಲ್ಲ” ಎಂದಳು ಬೀಗತಿ. ತಾನು ಬೈಲಹೊಂಗಲಕ್ಕೆ ಹೊರಟ ಸುದ್ದಿ ಕೇಳಿ ತೊರಗಲ್‌ನ ಹೆಡ್‌ಮಾಸ್ತರರು ಸುತ್ತಲಿನ ಸಾಲೆಗಳ ಬಿಲ್ಲನ್ನೆಲ್ಲ ಕೂಡಿಸಿ, ಟಪಾಲಿನಲ್ಲಿ ಹಾಕುವ ಬದಲು ಆಕೆಯ ಕೈಗೇ ಕೊಟ್ಟಿದ್ದರು. ನಮ್ಮ ಕಡೆ ಎಲ್ಲರೂ ಮಾಡುವುದೇ ಹಾಗೆ, ಹೋಗುವವರಿದ್ದಾಗ ಟಪಾಲು ಯಾಕೆ? “ಬಸ್ಸಿನ್ಯಾಗ ಕಳಕೊಂಡೇನು ಅಂತ ಬುಟ್ಟಿ ತಳದಾಗ ಇಟ್ಟ, ಮ್ಯಾಲ ಬುತ್ತಿ ಕಟ್ಟೇನಿ.”

ಬುಟ್ಟಿ ಬಿಚ್ಚಿದೆವು. ಮೇಲೆ ರೊಟ್ಟಿ, ಅದರ ಕೆಳಗೆ ಶೇಂಗಾ ಹೋಳಿಗೆ, ಅದರ ಕೆಳಗೆ ಎಣ್ಣೆಗಾಯಿಯ ಡಬ್ಬಿ. ಸವದತ್ತಿಯ ದಾರಿಯ ಕುಲುಕಾಟಕ್ಕೆ ಡಬ್ಬಿಯ ಮುಚ್ಚಳ ಎಲ್ಲಿಯೋ ಬಾಯಿ ಬಿಟ್ಟಿತ್ತು. ಸೊಸೆ ಲಕೋಟೆ ಎತ್ತಿದಳು. ಒಳಗಿನ ಬಿಲ್ಲುಗಳೆಲ್ಲ ಎಣ್ಣೆ ಕುಡಿದು, ಆ ಕಡೆಯಿಂದ ಈ ಕಡೆಯ ಬೆಳಕು ಕಾಣುವಂತಾಗಿದ್ದವು. ಶಿಕ್ಕಾದ ನೀಲಿ ಹರಡಿ ಬದನೆಕಾಯಿಯ ಬಣ್ಣ. ಒಂದು ತಿಕೀಟು ಹೋಳಿಗೆಗೆ ಅಂಟಿಕೊಂಡಿತ್ತು.

ನಮ್ಮ ಮನೆಯವರು ಬುಟ್ಟಿಯೊಳಗೆ ಇಣುಕಿ, “ಎಣ್ಣಿಗಾಯಿ ಉಳದದೋ, ಅದೂ ಲೆಕ್ಕಕ್ಕ ಹೋತೋ?” ಎಂದು ಕೇಳಿದರು.

ಸೊಸೆಯ ಕಣ್ಣಲ್ಲಿ ನೀರು ಬಂತು. ಹೊಸ ಬಿಲ್ಲು ಬೇಕೆಂದರೆ ಸಾಮಾನು ಕೊಟ್ಟ ಹುಬ್ಬಳ್ಳಿಯ ಅಂಗಡಿಯಿಂದ ನಕಲು ತರಬೇಕು, ಅದಕ್ಕೆ ಮತ್ತೆ ಎಲ್ಲ ಹೆಡ್‌ಮಾಸ್ತರರ ಸಹಿ ಬೀಳಬೇಕು. ಆಡಿಟ್ ಸಾಹೇಬರು ತಿಂಗಳ ಕೊನೆಗೆ ಬರುವವರು. ಪೂರ್ತಿ ಲೆಕ್ಕವಾದರೆ ಬೇರೆಯವರಿಗೆ ಒಪ್ಪಿಸಬಹುದಿತ್ತು, ಅರೆಬರೆ ಲೆಕ್ಕಕ್ಕೆ ಕಚೇರಿಯಲ್ಲಿ ಯಾರೂ ಕೈಯೊಡ್ಡುವುದಿಲ್ಲ. “ನಾ ಕಲತ ಸಾಲಿ ರೊಕ್ಕಾ ವಾಪಸ್ ಹೋಗತೈತವ್ವ. ಇದು ಮುಗಿಯೂತನಕ ನಾ ಬರೂದಿಲ್ಲ” ಅಂದಳು. ತಿಂಗಳ ಕೊನೆಗೆ ಬಸ್ಸು ಹತ್ತುವ ಸ್ಥಿತಿಯಲ್ಲಿ ಅವಳು ಇರುವುದಿಲ್ಲವೆಂಬುದು ನಮಗಿಬ್ಬರಿಗೂ ಗೊತ್ತಿತ್ತು. ಬೀಗತಿಯ ಮುಖ ಸಣ್ಣದಾಯಿತು. ನಾನು ಚಹಾ ಮಾಡುವ ನೆವದಿಂದ ಒಳಗೆ ಹೋದೆ. ಒಲೆಯ ಮುಂದೆ ಕುಳಿತು ಸೆರಗು ಬಾಯಿಗೆ ಒತ್ತಿಕೊಂಡೆ, ನಗು ಹೊರಗೆ ಕೇಳಬಾರದಲ್ಲ.

ಮಗ ಹುಬ್ಬಳ್ಳಿಗೆ ಹೋಗಿ ನಕಲು ತಂದ. ಸಹಿ ಮಾಡಿಸಲು ತಾನೇ ಹೋಗುವುದಾಗಿ ಬೀಗತಿ ಹಟ ಹಿಡಿದಳು. ಆಕೆಗೆ ಓದು ಬರಹ ಇಲ್ಲ. ಆದರೂ ಸಾಲೆಯಿಂದ ಸಾಲೆಗೆ ನಡೆದು, ಸಹಿ ಮಾಡುವ ತನಕ ಕಟ್ಟೆಯ ಮೇಲೆ ಕುಳಿತು, ಶಿಕ್ಕಾ ಒಣಗುವ ತನಕ ಸೆರಗಿನಿಂದ ಗಾಳಿ ಹಾಕಿ ತಂದಳಂತೆ. ಮತ್ತೆ ನಮ್ಮ ಬಾಗಿಲಿಗೆ ಬಂದಾಗ ಬಿಲ್ಲುಗಳು ಹೊಸ ಖಣದ ಬಟ್ಟೆಯಲ್ಲಿ ಸುತ್ತಿ ಕುಪ್ಪಸದೊಳಗಿದ್ದವು. ಬುಟ್ಟಿ ಇರಲಿಲ್ಲ. ಅದರ ಬದಲಿಗೆ ಹಮಾಲನ ಬೆನ್ನ ಮೇಲೆ ಒಂದು ಚೀಲ ಜೋಳ.

“ಇದ್ಯಾಕ್ರಿ?” ಎಂದೆ.

“ಬಾಣಂತನ ಇಲ್ಲೇ ಮಾಡತೇನ್ರಿ ಅಕ್ಕಾರ. ನಿಮ್ಮ ಅನ್ನ ನಾ ಉಣ್ಣಾಂಗಿಲ್ಲ. ನನ್ನ ಜ್ವಾಳ ನನಗ, ಒಂದು ಒಲಿ ಕೊಡ್ರಿ ಸಾಕು.”

ಕೂಸು ನಮ್ಮ ಮನೆಯಲ್ಲಿ ಹುಟ್ಟಬೇಕೆಂದು ಬೇಡಿಕೊಂಡವಳಿಗೆ ಕೂಸಿನ ಜೊತೆಗೆ ಬೀಗತಿಯೂ ಸಿಕ್ಕಳು. ನನ್ನ ಅಡುಗೆಮನೆಯ ಬಲಗಡೆಯ ಒಲೆ ಆಕೆಯದಾಯಿತು. ತನಗೆಂದು ಎರಡು ರೊಟ್ಟಿ ಬಡಿಯುವವಳು ಕೈ ನಿಲ್ಲಿಸದೆ ಹತ್ತು ಬಡಿಯುತ್ತಿದ್ದಳು. ನಮ್ಮ ಮನೆಯವರು ಎಡಗಡೆಯ ಒಲೆಯಿಂದ ಒಂದು ತಿಂದು ಬಲಗಡೆಯ ಒಲೆಯಿಂದ ಮೂರು ತಿನ್ನುತ್ತಿದ್ದರು.

“ಹೊಟ್ಟಿ ಸರಿ ಇಲ್ಲಂದಿದ್ರಿ ಮುಂಜಾನೆ?” ಎಂದು ನಾನು ಕೇಳಿದರೆ, “ಇವು ತೆಳ್ಳಗದಾವ, ಹೊಟ್ಟಿಗೆ ಗೊತ್ತಾಗೂದಿಲ್ಲ” ಅಂದರು.

ಸೊಸೆ ಲೆಕ್ಕ ಬರೆಯುತ್ತ ನಡುನಡುವೆ “ಅವ್ವಾ” ಅಂದರೆ ನಾನೂ ತಲೆ ಎತ್ತುತ್ತಿದ್ದೆ. ಕರೆದದ್ದು ನನ್ನನ್ನಲ್ಲ. ರಾಮದುರ್ಗದ ಸರ ಪೋಣಿಸುವಾಗ ಬೀಗತಿ ದಬ್ಬಣಕ್ಕೆ ಕೈ ಚಾಚಿದಳು. “ಇದು ಕಚೇರಿ ಕೆಲಸರಿ, ಊರ ಹೆಸರು ಓದಾಕ ಬರಬೇಕ” ಎಂದು ನಾನು ಕೊಡಲಿಲ್ಲ. ಆಕೆ ಕೈ ಹಿಂದೆ ತೆಗೆದುಕೊಂಡಳು. ಆಮೇಲೆ ನನ್ನ ಕಡೆ ನೋಡದೆ ಅಂದಳು, “ಊರಾಗ ತೊಟ್ಟಲಾ ತೊಳದ ಇಟ್ಟೇನ್ರಿ. ಹೊಸಾ ಹಗ್ಗಾ ಹಾಕಿಸೀನಿ. ಈಗ ಅದರಾಗ ಬೆಕ್ಕ ಮಲಗಾಕ ಹತ್ತೈತಂತ.” ನಾನು ದಾರದ ಗಂಟನ್ನು ಬಿಗಿ ಮಾಡಿದೆ.

ಆಡಿಟ್ ದಿನ ಸೊಸೆಯನ್ನು ಟಾಂಗಾದಲ್ಲಿ ಕೂಡಿಸಿ ಮಗ ಕಚೇರಿಗೆ ಕರೆದೊಯ್ದ. ಮನೆಯಲ್ಲಿ ಇಬ್ಬರು ಆಯಿಗಳು ಬಾಗಿಲ ಒಂದೊಂದು ಕಡೆ ಕುಳಿತೆವು. ಸಂಜೆ ಮುಂದೆ ಸೊಸೆ ನಗುತ್ತ ಇಳಿದಳು. ನಕಲಿನ ಹಿಂದೆ ಎಣ್ಣೆ ಬಿದ್ದ ಅಸಲು ಬಿಲ್ಲುಗಳನ್ನೂ ಇಡಬೇಕೆಂಬುದು ನಿಯಮವಂತೆ. ಆಡಿಟ್ ಸಾಹೇಬರು ಎಲ್ಲ ಸಾಲೆಯದನ್ನೂ ಗಂಟಲು ಸರಿಪಡಿಸಿಕೊಳ್ಳುತ್ತ ನೋಡಿ, ರಾಮದುರ್ಗದ ಸರ ಬಂದಾಗ ಕನ್ನಡಕ ತೆಗೆದು ಕಾಗದವನ್ನು ಮೂಗಿನ ಹತ್ತಿರ ಹಿಡಿದರಂತೆ. “ಗುರೆಳ್ಳು ಹಾಕಿ ಮಾಡಿದ್ದ ಏನವಾ ಇದು?” ಅಂದರಂತೆ. ಇವಳು “ಹೌದ್ರಿ ಸರ್” ಅಂದಳಂತೆ. “ನಮ್ಮವ್ವನೂ ಹಂಗ ಮಾಡತಿದ್ದಳು” ಎಂದು ಸಹಿ ಹಾಕಿದರಂತೆ. ಒಂದು ಸಾಲೆಯ ರೊಕ್ಕವೂ ವಾಪಸು ಹೋಗಲಿಲ್ಲ. ಅಲ್ಲಿಯೂ ಬೀಗತಿಯ ಎಣ್ಣೆಗಾಯಿಯದೇ ಮಾತು. ನಾನು ಪೋಣಿಸಿದ ಸರ ಎಷ್ಟು ನೀಟಾಗಿತ್ತೆಂದು ಒಬ್ಬರಾದರೂ ಕೇಳಿದರೇ?

ಮರುದಿನ ಮುಂಜಾನೆ ನೋವು ಸುರುವಾಯಿತು. ದವಾಖಾನೆಯ ನರ್ಸಬಾಯಿ ಬಂದಳು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಒಳಗಿನಿಂದ ಅಳು ಕೇಳಿಸಿತು. ನರ್ಸಬಾಯಿ ಬಿಳಿ ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಹೊರಗೆ ತಂದು, “ಯಾರ ಕೈಯಾಗ ಕೊಡಲಿ?” ಅಂದಳು.

ನಾನು ಕೈ ಚಾಚಿದ್ದೆ, ಆಕೆಯೂ ಚಾಚಿದ್ದಳು. ಬೀಗತಿ ನನ್ನ ಮುಖ ನೋಡಿ ತನ್ನ ಕೈಗಳನ್ನು ಮೆಲ್ಲಗೆ ಸೆರಗಿನೊಳಗೆ ಎಳೆದುಕೊಂಡಳು. “ಅಕ್ಕಾರ, ನೀವ ತಗೋರಿ. ನಿಮ್ಮ ಮನ್ಯಾಗ ಹುಟ್ಟೈತಿ.”

ತಗೊಂಡೆ. ಹೂವಿನಷ್ಟೇ ಭಾರ. ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ. ಅಷ್ಟರಲ್ಲಿ ಕೂಸು ಮುಖ ಕೆಂಪಗೆ ಮಾಡಿ ಅಳತೊಡಗಿತು. ತೂಗಿದೆ, ತಟ್ಟಿದೆ, ಹಾಡಿದೆ, ಅಳು ನಿಲ್ಲಲಿಲ್ಲ. ಬೀಗತಿಗೆ ಕೊಟ್ಟೆ. ಆಕೆ ಎದೆಗೆ ಹಚ್ಚಿಕೊಂಡಳೋ ಇಲ್ಲವೋ, ಸುಮ್ಮನಾಯಿತು. ಹುಟ್ಟಿದ ಗಳಿಗೆಯಲ್ಲೇ ಪಕ್ಷ ಹಿಡಿದ ಹುಡುಗಿ ಇವಳು. ನನಗೆ ಹೊಟ್ಟೆಕಿಚ್ಚಾಯಿತು, ಅದರ ಜೊತೆಗೇ ಕಣ್ಣಲ್ಲಿ ನೀರು ಸುರಿಯಿತು. ಓಣಿಯ ತುಂಬ ಸಕ್ಕರೆ ಹಂಚಲು ನಾನೇ ಹೋದೆ, ಒಂದು ಮನೆಯನ್ನೂ ಬಿಡಲಿಲ್ಲ.

ಸಂಜೆ ನಾನು ಗೋಧಿ ಹುಗ್ಗಿ ಮಾಡಿದೆ. ಎಡಗಡೆಯ ಒಲೆಯ ಮೇಲೆ ರೊಟ್ಟಿ ಬಡಿದೆ. ಬಲಗಡೆಯ ಒಲೆಯನ್ನು ಆ ದಿನ ಹೊತ್ತಿಸಲೇ ಇಲ್ಲ. ನಡುಮನೆಯಲ್ಲಿ ಸಾಲಾಗಿ ತಾಟು ಹಾಕಿದೆ: ನಮ್ಮ ಮನೆಯವರದು, ಮಗನದು, ನನ್ನದು, ಅದರ ಪಕ್ಕದಲ್ಲಿ ಬೀಗತಿಯದು. ಕೋಣೆಯ ಬಾಗಿಲು ತೆರೆದಿಟ್ಟು ಸೊಸೆಗೆ ಅಲ್ಲಿಯೇ ತುಪ್ಪ ಬೆರೆಸಿದ ಮೆತ್ತನೆಯ ಅನ್ನ ಕೊಟ್ಟೆ. ಬೀಗತಿ ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಂದು ಕುಳಿತಳು.

“ಬಿಲ್ಲು ಗಿಲ್ಲು ಏನರ ತಾಟಿನ ಹತ್ತರ ಅದಾವೇನು, ಮೊದಲ ನೋಡ್ರಿ” ಎಂದರು ನಮ್ಮ ಮನೆಯವರು.

ಕೋಣೆಯೊಳಗಿಂದ ಸೊಸೆ ನಕ್ಕಳು. ನಾನು ರೊಟ್ಟಿ ಮುರಿದು, ಮೇಲೆ ಬೆಣ್ಣೆ ಇಟ್ಟು, ಬೀಗತಿಯ ತಾಟಿಗೆ ಹಾಕಿದೆ. ಆಕೆ ತುತ್ತು ಮುರಿದು ಬಾಯಿಗಿಟ್ಟು ನಿಧಾನವಾಗಿ ಅಗಿದಳು. ಎಲ್ಲರೂ ಆಕೆಯ ಬಾಯಿ ನೋಡುತ್ತಿದ್ದೆವು.

“ದಪ್ಪ ಆಗ್ಯಾವ್ರಿ ಅಕ್ಕಾರ” ಎಂದಳು. ಆಮೇಲೆ ತಾಟು ಮುಂದೆ ಸರಿಸಿ, “ಇನ್ನೊಂದು ಹಾಕ್ರಿ.”

ಹಾಕಿದೆ. ಒಂದು ಕೈಯಲ್ಲಿ ಕೂಸು ಇದ್ದುದರಿಂದ ಆಕೆಗೆ ರೊಟ್ಟಿ ಮುರಿಯಲು ಬರಲಿಲ್ಲ. “ಕೊಡ್ರಿ ಇಲ್ಲೆ” ಅಂತ ಕೂಸನ್ನು ಎತ್ತಿಕೊಂಡೆ. ಈ ಸಲ ಅದು ನಿದ್ದೆಯಲ್ಲಿತ್ತು, ಅಳಲಿಲ್ಲ. ಎಡಗೈಯಲ್ಲಿ ಮೊಮ್ಮಗಳನ್ನು ಹಿಡಿದು ಬಲಗೈಯಿಂದ ಹುಗ್ಗಿ ಉಂಡೆ. ಬೀಗತಿ ಎರಡು ಕೈ ಖಾಲಿ ಮಾಡಿಕೊಂಡು ನನ್ನ ದಪ್ಪ ರೊಟ್ಟಿಯನ್ನು ಮುರಿದು ಮುರಿದು ಉಂಡಳು.