ಪುಟ್ಟಿಯ ಟ್ಯಾಬಿಗೆ ಹಾಕಿದ ಬೀಗ

ಕಚೇರಿಯಲ್ಲಿ ಅವನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎದುರಿಗೆ ಸಿಕ್ಕರೆ ಜೈಲರ್ ಸಾರ್, ಬೆನ್ನು ತಿರುಗಿಸಿದರೆ ಬರೀ ಜೈಲರ್. ಪಾರ್ಸೆಲ್ ಸಾಗಿಸುವ ಕಂಪನಿ ಅದು. ಡ್ರೈವರುಗಳ ಕೈಗೆ ಕೊಡುವ ಟ್ಯಾಬ್ ಮತ್ತು ಫೋನುಗಳಿಗೆ ಬೀಗ ಹಾಕುವುದು ಅವನ ಕೆಲಸ. ಟ್ಯಾಬ್ ತೆರೆದರೆ ದಾರಿ ತೋರಿಸುವ ಮ್ಯಾಪು ಮತ್ತು ಪಾರ್ಸೆಲ್ ಮುಟ್ಟಿತೆಂದು ಒತ್ತುವ ಪುಟ, ಇವೆರಡು ಬಿಟ್ಟು ಬೇರೇನೂ ಕಾಣಬಾರದು. ಸಿನಿಮಾ ಇಲ್ಲ, ಆಟ ಇಲ್ಲ, ಹಾಡಿಲ್ಲ. ಎರಡನೆಯ ಮಹಡಿಯ ಕಿಟಕಿಯಿಲ್ಲದ ಕೋಣೆಯಲ್ಲಿ, ರಟ್ಟಿನ ಡಬ್ಬಗಳ ವಾಸನೆಯ ನಡುವೆ, ಗೋಡೆಯುದ್ದಕ್ಕೂ ಚಾರ್ಜಿಗೆ ಹಾಕಿದ ಟ್ಯಾಬುಗಳು ಮಿಣಮಿಣ ಅನ್ನುತ್ತಿದ್ದವು. ಅವುಗಳ ಮುಂದೆ ಅವನು ಅತ್ತಿಂದಿತ್ತ ಓಡಾಡುತ್ತಿದ್ದ. ಅವನಿಗೆಂದು ಒಂದು ಕುರ್ಚಿಯಿತ್ತು, ಅದರ ಮೇಲೆ ಅವನ ಬ್ಯಾಗು ಕೂರುತ್ತಿತ್ತು.

ಡ್ರೈವರುಗಳೇನು ಕಡಿಮೆಯವರಲ್ಲ. ಒಬ್ಬ ಮಹಾಶಯ ಮ್ಯಾಪಿನ ಮೂಲೆಯಲ್ಲಿದ್ದ ಚಿಕ್ಕ ಅಕ್ಷರದ ಷರತ್ತುಗಳನ್ನು ಒತ್ತಿ, ಅಲ್ಲಿಂದ ಇಂಟರ್‌ನೆಟ್ಟಿಗೆ ನುಸುಳಿ, ಇಡೀ ಮಧ್ಯಾಹ್ನ ಮ್ಯಾಚು ನೋಡಿದ್ದ. ಪ್ರಪಂಚದಲ್ಲಿ ಆ ಷರತ್ತುಗಳನ್ನು ಒತ್ತಿದ ಮೊದಲ ಮನುಷ್ಯ ಅವನೇ ಇರಬೇಕು. ಜೈಲರ್ ಆ ಕಿಂಡಿಯನ್ನು ಮುಚ್ಚಿದ. ಬೀಗ ತೆರೆಯುವ ಪಿನ್ ಸಂಖ್ಯೆ ಬಾಯಿಂದ ಬಾಯಿಗೆ ಹಬ್ಬಿತು. ಪಿನ್ ಹಾಕುವ ಜಾಗವನ್ನೇ ಕಿತ್ತೆಸೆದ. ಟ್ಯಾಬನ್ನು ಆಫ್ ಮಾಡಿ ಆನ್ ಮಾಡಿದರೆ ಕ್ಷಣಕಾಲ ಬೀಗ ಸಡಿಲವಾಗುತ್ತದೆಂದು ಯಾರೋ ಕಂಡುಹಿಡಿದರು. ಆಫ್ ಮಾಡುವ ಗುಂಡಿಯೇ ಕೆಲಸ ಮಾಡದಂತೆ ಮಾಡಿದ. ಇಷ್ಟಾದರೂ ಅವನ ಮನಸ್ಸಿಗೆ ನೆಮ್ಮದಿಯಿರಲಿಲ್ಲ. ಮನೆಗೆ ಬೀಗ ಹಾಕಿ ಅರ್ಧ ಮೆಟ್ಟಿಲು ಇಳಿದವನು ಮತ್ತೆ ಹತ್ತಿ ಬಂದು ಜಗ್ಗಿ ನೋಡುವ ಜಾತಿ ಅವನದು. "ಸ್ವಲ್ಪ ಮೆಲ್ಲಗೆ ಜಗ್ಗಿ, ಬೀಗ ಕೈಗೇ ಬಂದ್ರೆ ಮನೆ ಕಾಯ್ತಾ ನೀವೇ ಕೂರ್ಬೇಕಾಗುತ್ತೆ" ಎಂದು ಹೆಂಡತಿ ಅನ್ನುತ್ತಿದ್ದಳು.

ಅವನ ಅಕ್ಕ ಎರಡು ಬೀದಿ ಆಚೆ ಇದ್ದಳು. ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಬಟ್ಟೆ ಹೊಲಿಯುತ್ತಿದ್ದಳು. ಅವಳ ಮಗಳು ಪುಟ್ಟಿಗೆ ಮಾತು ಬರುವುದಿಲ್ಲ. ಕಿವಿ ಚುರುಕು, ತಲೆ ಅದಕ್ಕಿಂತ ಚುರುಕು, ಆದರೆ ಬಾಯಿಂದ ಮಾತು ಹೊರಡುವುದಿಲ್ಲ. ಅವಳು ಮಾತಾಡುವುದು ಟ್ಯಾಬಿನಲ್ಲಿ. ಪರದೆಯ ತುಂಬ ಚಿತ್ರಗಳು. ಲೋಟದ ಚಿತ್ರ ಒತ್ತಿದರೆ "ನೀರು ಬೇಕು" ಎನ್ನುತ್ತದೆ, ಅಮ್ಮನ ಚಿತ್ರ ಒತ್ತಿದರೆ "ಅಮ್ಮ" ಎನ್ನುತ್ತದೆ. ಯಂತ್ರದ ದನಿ ಅಕ್ಕನಿಗೆ ಹಿಡಿಸಿರಲಿಲ್ಲ. ಒಂದೊಂದು ಮಾತನ್ನೂ ತಾನೇ ಹೇಳಿ ತುಂಬಿಸಿದ್ದಳು. ಹಾಗಾಗಿ ಪುಟ್ಟಿ ಮಾತಾಡಿದಾಗೆಲ್ಲ ಕೇಳುತ್ತಿದ್ದುದು ಅಕ್ಕನ ದನಿ.

ತೊಂದರೆಯೆಂದರೆ, ಅದೇ ಟ್ಯಾಬಿನಲ್ಲಿ ಕಾರ್ಟೂನೂ ಸಿಗುತ್ತಿತ್ತು. ಪುಟ್ಟಿ ನಾಲ್ಕು ಮಾತಾಡಿ ಮೆಲ್ಲಗೆ ಅತ್ತ ಜಾರಿಬಿಡುತ್ತಿದ್ದಳು. ಮಾತಿನ ಪುಟ ಒಂದೇ ತೆರೆಯುವಂತೆ ಯಾರಿಂದಲಾದರೂ ಮಾಡಿಸಿ ಎಂದು ಶಾಲೆಯ ಟೀಚರ್ ಹೇಳಿದರು. ಯಾರಿಂದಲಾದರೂ ಯಾಕೆ, ಜೈಲರನಂಥ ತಮ್ಮನೇ ಇರುವಾಗ?

ಅವನು ಟ್ಯಾಬನ್ನು ಕಚೇರಿಗೆ ಒಯ್ದ. ಒಂದೇ ಟ್ಯಾಬಿಗೆ ಬೇರೆಯಾಗಿ ನಿಯಮ ಬರೆಯುತ್ತ ಕೂರುವುದು ರಗಳೆಯ ಕೆಲಸ. ಡ್ರೈವರುಗಳ ಗುಂಪಿಗೆ ಬರೆದಿಟ್ಟ ನಿಯಮಗಳು ಸಿದ್ಧವಾಗಿದ್ದವು. ಪುಟ್ಟಿಯ ಟ್ಯಾಬನ್ನೂ ಅದೇ ಗುಂಪಿಗೆ ಸೇರಿಸಿ, ಮ್ಯಾಪಿನ ಬದಲು ಮಾತಿನ ಪುಟ ಇಟ್ಟು, ಗುಂಪಿನಲ್ಲಿ ಎಲ್ಲಕ್ಕೂ ಇರುವಂತೆ ಒಂದು ವ್ಯಾನಿನ ನಂಬರು ಕೊಟ್ಟ. ಆಮೇಲೆ ಬೇರೆ ಮಾಡಿದರಾಯಿತು ಎಂದುಕೊಂಡ. ಈ ಆಮೇಲೆ ಎನ್ನುವುದು ಎಂದೂ ಬರಲಿಲ್ಲ. ಪುಟ್ಟಿ ಕಾರ್ಟೂನು ಹುಡುಕಿ ಹುಡುಕಿ ಸೋತು ಅವನನ್ನು ಗುರಾಯಿಸಿದಳು. ಅವನು ಹೆಮ್ಮೆಯಿಂದ ನಕ್ಕ.

ಡ್ರೈವರುಗಳ ನಿಯಮದಲ್ಲಿ ಏನನ್ನೂ ಬದಲಿಸುವಂತಿಲ್ಲ. ಹಾಗಾಗಿ ಮಾತಿನ ಪುಟಕ್ಕೆ ಹೊಸ ಚಿತ್ರ ಸೇರಿಸುವ ದಾರಿಯೂ ಮುಚ್ಚಿಹೋಗಿತ್ತು. "ಮಗು ಬೆಳೀತಿದಾಳೆ ಕಣೋ, ಹೊಸ ಮಾತು ಹಾಕ್ಬೇಕು. ಒಂದ್ಸಲ ಬೀಗ ತೆಗೆದುಕೊಡು" ಎಂದು ಅಕ್ಕ ಫೋನು ಮಾಡುತ್ತಿದ್ದಳು.

"ಈ ವಾರ ಬರ್ತೀನಿ ಅಕ್ಕಾ."

"ಹೋದ ವಾರಾನೂ ಇದೇ ಹೇಳ್ದೆ."

ಆ ನಡುವೆ ಕಂಪನಿಯ ಕೆಲವು ಟ್ಯಾಬುಗಳು ಕಾಣೆಯಾಗಿ ಬೇರೆ ಊರಿನ ಅಂಗಡಿಯಲ್ಲಿ ಮಾರಾಟಕ್ಕೆ ಬಂದವು. ಮ್ಯಾನೇಜರ್ ಕೆಂಡವಾದ. ನಗರದ ಗಡಿ ದಾಟಿದ ಟ್ಯಾಬು ತನ್ನಷ್ಟಕ್ಕೆ ಮುಚ್ಚಿಕೊಳ್ಳಬೇಕು, ಮುಚ್ಚಿಕೊಂಡು ಕೂಗಬೇಕು ಎಂದು ಹುಕುಂ ಮಾಡಿದ. ಜೈಲರನಿಗೆ ಹಬ್ಬವೋ ಹಬ್ಬ. ಮ್ಯಾಪಿನಲ್ಲಿ ನಗರದ ಸುತ್ತ ಗೆರೆ ಎಳೆದ. ಗೆರೆ ದಾಟಿದರೆ ಪರದೆ ಕೆಂಪಾಗಿ, ಕಚೇರಿಯ ಫೋನು ನಂಬರು ಮೂಡಿ, ದೊಡ್ಡ ದನಿಯಲ್ಲಿ ಕೂಗು ಏಳುವಂತೆ ಮಾಡಿದ. ವಾಪಸು ಗೆರೆಯೊಳಗೆ ತಂದರೂ ತೆರೆಯದು. ಕಚೇರಿಯ ಲ್ಯಾಪ್‌ಟಾಪಿಗೆ ವೈರು ಸಿಕ್ಕಿಸಿದರೆ ಮಾತ್ರ ತೆರೆದೀತು. ಕೂಗಲಿಕ್ಕೆ ಒಂದು ದನಿ ಬೇಕಿತ್ತಲ್ಲ, ಕೋಣೆಯ ಬಾಗಿಲು ಹಾಕಿ ತಾನೇ ಗಂಟಲು ಸರಿಮಾಡಿಕೊಂಡು ಹೇಳಿದ: "ಈ ಟ್ಯಾಬ್ ನಿಮ್ಮದಲ್ಲ. ವಾಪಸ್ ಕೊಡಿ."

ಪರೀಕ್ಷೆಗೆಂದು ಒಂದು ಟ್ಯಾಬನ್ನು ಬ್ಯಾಗಿಗೆ ಹಾಕಿ ಬೈಕಿನಲ್ಲಿ ಗಡಿ ದಾಟಿದ. ರಸ್ತೆ ಬದಿಯ ಟೀ ಅಂಗಡಿಯ ಮುಂದೆ ಬ್ಯಾಗು ಅವನದೇ ದನಿಯಲ್ಲಿ ಅರಚತೊಡಗಿತು. ಟೀ ಕುಡಿಯುತ್ತಿದ್ದವರೆಲ್ಲ ಅವನನ್ನು ಕಳ್ಳನನ್ನು ನೋಡುವ ಹಾಗೆ ನೋಡಿದರು. ಅವನಿಗೆ ಅಷ್ಟು ಖುಷಿ ಎಂದೂ ಆಗಿರಲಿಲ್ಲ. ವಾಪಸು ಬಂದವನೇ ಗುಂಪಿನ ಎಲ್ಲ ಟ್ಯಾಬುಗಳಿಗೂ ನಿಯಮ ಕಳಿಸುವ ಗುಂಡಿ ಒತ್ತಿದ. ಮ್ಯಾನೇಜರ್ ಬೆನ್ನು ತಟ್ಟಿದ. ಎಲ್ಲ ಟ್ಯಾಬು ಅಂದರೆ ಯಾವ ಯಾವುದು ಎಂದು ಪಟ್ಟಿಯನ್ನೊಮ್ಮೆ ನೋಡಬೇಕೆಂದು, ಮನೆಯ ಬೀಗವನ್ನು ಎರಡೆರಡು ಸಲ ಜಗ್ಗುವ ಈ ಮನುಷ್ಯನಿಗೆ ಹೊಳೆಯಲಿಲ್ಲ.

ಒಂದು ಬೆಳಿಗ್ಗೆ ಕಚೇರಿಯ ಫೋನು ಬಡಿದುಕೊಂಡಿತು. ಅತ್ತಲಿಂದ ಹೆಂಗಸಿನ ದನಿ. "ಈ ಟ್ಯಾಬ್ ಮೇಲೆ ನಿಮ್ಮ ನಂಬರ್ ಇದೆ, ಅದಕ್ಕೆ ಮಾಡಿದೆ."

ಸಿಕ್ಕಿಬಿದ್ದರು ಎಂದು ಜೈಲರನ ಮೈ ಜುಮ್ಮೆಂದಿತು. "ಎಲ್ಲಿಂದ ಬಂತು ನಿಮಗೆ ಅದು? ನೀವಿರೋ ಜಾಗ ಬಿಟ್ಟು ಕದಲಬೇಡಿ" ಎಂದ.

"ಎಲ್ಲಿಂದ ಬಂತು ಅಂದ್ರೆ? ನಮ್ಮ ಸ್ಕೂಲಿನ ಮಗುವಿಂದು ಇದು. ಮಕ್ಕಳನ್ನ ಊರಾಚೆ ಕೆರೆ ಹತ್ತಿರದ ಪಾರ್ಕಿಗೆ ಕರ್ಕೊಂಡು ಬಂದಿದೀವಿ. ಬಸ್ಸಲ್ಲೇ ಕೂಗೋಕೆ ಶುರುವಾಯ್ತು, ನಿಲ್ತಾನೇ ಇಲ್ಲ. ಅವಳಿಗೆ ಮಾತಾಡೋಕೆ ಇರೋದು ಇದೊಂದೇ ಸಾರ್."

ಆ ಹೆಂಗಸಿನ ಮಾತಿನ ಹಿಂದೆ ಇನ್ನೊಂದು ದನಿ ಕೇಳುತ್ತಿತ್ತು. ಈ ಟ್ಯಾಬ್ ನಿಮ್ಮದಲ್ಲ. ವಾಪಸ್ ಕೊಡಿ. ಅದರ ಹಿಂದೆ ಮಗುವೊಂದು ಕಿರುಚುತ್ತಿತ್ತು.

"ಮೇಡಂ, ಅದು ನನ್ನ ಅಕ್ಕನ ಮಗಳು" ಎಂದ.

"ಹಾಗಾದ್ರೆ ಬೇಗ ತೆಗೀರಿ."

ತೆಗೆಯುವುದು ಹೇಗೆ? ಇಲ್ಲಿಂದ ಆದೇಶ ಕಳಿಸೋಣವೆಂದರೆ ಆ ಟ್ಯಾಬಿಗೆ ಸಿಮ್ ಇಲ್ಲ. ಮುಚ್ಚಿಕೊಂಡ ಟ್ಯಾಬು ಹೊಸ ವೈಫೈ ಹಿಡಿಯುವುದಿಲ್ಲ. ಪಿನ್ ಹೇಳೋಣವೆಂದರೆ ಪಿನ್ ಹಾಕುವ ಜಾಗವಿಲ್ಲ. ಆಫ್ ಮಾಡಿ ಎನ್ನೋಣವೆಂದರೆ ಗುಂಡಿ ಸತ್ತಿದೆ. ಕಿಂಡಿ ಕಿಂಡಿಯನ್ನೂ ಮುಚ್ಚಿದ್ದು ಅವನೇ, ಯಾರನ್ನು ಬೈಯುತ್ತಾನೆ? "ಏನಾದ್ರೂ ಬಟ್ಟೆ ಸುತ್ತಿ ದೂರ ಇಡಿ ಮೇಡಂ, ನಾನೇ ಬರ್ತೀನಿ" ಎಂದು ಹೇಳಿ, ಲ್ಯಾಪ್‌ಟಾಪು, ವೈರು ಬ್ಯಾಗಿಗೆ ತುಂಬಿ ಮೆಟ್ಟಿಲಿಳಿದ. ಕೋಣೆಯ ಬಾಗಿಲು ಹಾಕಿದೆನೋ ಇಲ್ಲವೋ ಎಂದು ತಿರುಗಿ ನೋಡಲಿಲ್ಲ.

ಬೈಕು ಓಡಿಸುತ್ತಿದ್ದಂತೆ ಪ್ರತಿ ಸಿಗ್ನಲ್ಲೂ ಅವನಿಗಾಗಿಯೇ ಕೆಂಪಾಗುತ್ತಿದೆ ಎನಿಸಿತು. ಮುಂದೊಂದು ಸಿಮೆಂಟು ಲಾರಿ ದಾರಿ ಬಿಡದೆ ತೆವಳುತ್ತಿತ್ತು. ಹಾರ್ನು ಒತ್ತಿದ, ಎಡಕ್ಕೆ ನುಗ್ಗಿದ, ಮತ್ತೆ ಬಲಕ್ಕೆ ಬಂದ. ಪುಟ್ಟಿಗೆ ಬಾಯಾರಿದರೆ ಏನು ಮಾಡುತ್ತಾಳೆ? ಹೊಟ್ಟೆ ನೋವೆಂದರೆ? ಅವಳಿಗೆ ಅವನ ದನಿ ಚೆನ್ನಾಗಿ ಗೊತ್ತು. ಬಾಗಿಲಾಚೆ ಅವನು ಕೆಮ್ಮಿದರೂ ಓಡಿ ಬರುವ ಮಗು ಅದು. ಈಗ ಅದೇ ದನಿ ಅವಳ ಟ್ಯಾಬಿನಲ್ಲಿ ಕೂತು, ಇದು ನಿನ್ನದಲ್ಲ ಎಂದು ಊರಿಗೆಲ್ಲ ಕೇಳುವಂತೆ ಕೂಗುತ್ತಿದೆ.

ಜೇಬಿನಲ್ಲಿ ಫೋನು ಅದುರಿತು. ಬೈಕು ಪಕ್ಕಕ್ಕೆ ಹಾಕಿ ತೆಗೆದ. ಅಕ್ಕ.

"ಟೀಚರ್ ಫೋನ್ ಮಾಡಿದ್ರು" ಎಂದಳು. ಹೊಲಿಗೆ ಯಂತ್ರದ ಸದ್ದಿರಲಿಲ್ಲ. "ನನಗೂ ಕೇಳಿಸ್ತು. ಅದರಲ್ಲಿ ನಿನ್ನ ದನಿ ಯಾಕೋ ಬರ್ತಿದೆ?"

"ಹೋಗ್ತಾ ಇದೀನಿ ಅಕ್ಕಾ. ಸರಿ ಮಾಡ್ತೀನಿ."

"ಅದನ್ನಲ್ಲ ನಾನು ಕೇಳಿದ್ದು."

ಅವನು ಫೋನು ಜೇಬಿಗಿಟ್ಟು ಮತ್ತೆ ಬೈಕು ಹತ್ತಿದ.

ಪಾರ್ಕಿನ ಗೇಟಿನಿಂದಲೇ ಅವನ ದನಿ ಅವನಿಗೆ ಕೇಳಿಸಿತು. ಟ್ಯಾಬಿಗೆ ಟವೆಲು ಸುತ್ತಿ, ಊಟದ ಬುಟ್ಟಿಯೊಳಗಿಟ್ಟು, ಬುಟ್ಟಿಯನ್ನು ಒಂದು ಮರದ ಬುಡಕ್ಕೆ ಸಾಗಿಸಿದ್ದರು. ಬೇರೆ ಮಕ್ಕಳು ಕೆರೆಯ ಬೇಲಿಯ ಹತ್ತಿರ ಬಾತುಕೋಳಿ ನೋಡುತ್ತಿದ್ದರು. ಪುಟ್ಟಿ ಕಲ್ಲುಬೆಂಚಿನ ಕೆಳಗೆ ಗೋಡೆಗೆ ಮುಖ ಮಾಡಿ ಕೂತಿದ್ದಳು. ಬೆಳಿಗ್ಗೆ ತೊಟ್ಟು ಬಂದ ನೀಲಿ ಫ್ರಾಕು ಮೈಮೇಲಿರಲಿಲ್ಲ. ಟೀಚರ್ ತಮ್ಮ ದುಪಟ್ಟಾ ಸುತ್ತಿದ್ದರು.

"ನನ್ನ ಕೈ ಹಿಡಿದು ಎಳೀತಾನೇ ಇದ್ದಳು. ಕೂಗೋದನ್ನ ನಿಲ್ಲಿಸು ಅಂತಿದಾಳೆ ಅಂದ್ಕೊಂಡೆ" ಎಂದರು ಟೀಚರ್, ತಾವೇ ತಪ್ಪು ಮಾಡಿದವರ ಹಾಗೆ. "ಟಾಯ್ಲೆಟ್ಟಿಗೆ ಅಂತ ಗೊತ್ತಾಗಲಿಲ್ಲ ಸಾರ್. ಎಲ್ಲರ ಮುಂದೇನೇ ಆಗೋಯ್ತು. ದೊಡ್ಡವಳಾಗ್ತಿದಾಳೆ, ಅವಳಿಗೆ ತುಂಬ ನಾಚಿಕೆಯಾಯ್ತು."

ಜೈಲರ್ ಮರದ ಬುಡದಲ್ಲಿ ಮಂಡಿಯೂರಿ ಲ್ಯಾಪ್‌ಟಾಪು ತೆರೆದ. ವೈರನ್ನು ತಲೆಕೆಳಗಾಗಿ ಸಿಕ್ಕಿಸಿದ, ತಿರುಗಿಸಿ ಮತ್ತೆ ಸಿಕ್ಕಿಸಿದ. ಕೊನೆಗೆ ಕೂತಿತು. ಕೂಗು ನಿಂತಿತು. ಕೆಂಪು ಪರದೆ ಹೋಗಿ ಲೋಟ, ತಟ್ಟೆ, ಅಮ್ಮನ ಮುಖ ಒಂದೊಂದಾಗಿ ಮೂಡಿದವು. ಅವನು ಅದನ್ನೆತ್ತಿಕೊಂಡು ಬೆಂಚಿನ ಬಳಿ ಹೋಗಿ ಬಗ್ಗಿ ಚಾಚಿದ. "ಪುಟ್ಟೀ, ತಗೋ ಬಂಗಾರ. ಸರಿಯಾಯ್ತು ನೋಡು."

ಪುಟ್ಟಿ ಟ್ಯಾಬನ್ನು ನೋಡಿದಳು, ಅವನನ್ನು ನೋಡಿದಳು, ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

ಆ ದಿನವೂ ಮುಟ್ಟಲಿಲ್ಲ, ಮರುದಿನವೂ ಮುಟ್ಟಲಿಲ್ಲ. ನೀರು ಬೇಕಾದರೆ ಅಕ್ಕನನ್ನು ಅಡುಗೆಮನೆಗೆ ಎಳೆದೊಯ್ಯುತ್ತಿದ್ದಳು. ನೋವಾದರೆ ಅಳುತ್ತಿದ್ದಳು. ಎಲ್ಲಿ ನೋವೆಂದು ಅಕ್ಕ ಮೈಯೆಲ್ಲ ತಡವಿ ಹುಡುಕಬೇಕಿತ್ತು. ವರ್ಷಗಟ್ಟಲೆ ಕೂತು ಕಲಿಸಿದ ಮಾತು ಮತ್ತೆ ಬಂದೀತೋ ಇಲ್ಲವೋ ಎಂದು ಯಾರೂ ಹೇಳಲಾರದೆ ಹೋದರು. ಒತ್ತಾಯ ಮಾಡಬೇಡಿ ಎಂದರು ಟೀಚರ್. ಜೈಲರನಿಗೆ ಅನ್ನ ರುಚಿಸಲಿಲ್ಲ. ಕೆಲಸ ಮುಗಿಯುತ್ತಿದ್ದಂತೆ ಅಕ್ಕನ ಮನೆಗೆ ಓಡುವನು. ಬಾಗಿಲಲ್ಲಿ ನಿಲ್ಲುವನು, ಒಳಗೆ ಹೋಗುವನು, ಮತ್ತೆ ಬಾಗಿಲಿಗೆ ಬರುವನು. ಮೊದಲ ಸಂಜೆಯೇ ಟ್ಯಾಬನ್ನು ಡ್ರೈವರುಗಳ ಗುಂಪಿನಿಂದ ತೆಗೆದು, ಒಂದೊಂದು ನಿಯಮವನ್ನೂ ಅಳಿಸಿ, ಬದಲಾವಣೆ ಮಾಡುವ ಪಿನ್ನನ್ನು ಅಕ್ಕನಿಗೆ ಬಾಯಿಪಾಠ ಮಾಡಿಸಿದ್ದ.

"ಕಾರ್ಟೂನ್ ನೋಡ್ತಾಳೆ ಮತ್ತೆ" ಎಂದ.

"ನೋಡ್ಲಿ ಬಿಡು" ಎಂದಳು ಅಕ್ಕ. ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ. ಇಳಿಯಬೇಕಾದ ಕಾರಣವೂ ಇರಲಿಲ್ಲ.

ಭಾನುವಾರ ಬಂತು. ಅಕ್ಕ ಯಾರದೋ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ಪುಟ್ಟಿ ಬಟ್ಟೆಯ ಚೂರುಗಳ ನಡುವೆ ಆಡುತ್ತಿದ್ದವಳು ಎದ್ದು, ಕಪಾಟಿನ ಮೇಲಿದ್ದ ಟ್ಯಾಬನ್ನು ಎಳೆದುಕೊಂಡಳು. ಬಾಗಿಲಲ್ಲಿ ಕೂತಿದ್ದ ಜೈಲರ್ ಕತ್ತು ಚಾಚಿದ. ಅವಳು ಮಾವನ ಚಿತ್ರ ಒತ್ತಿದಳು. ಅಕ್ಕನ ದನಿ "ಮಾವ" ಎಂದಿತು. ಅಷ್ಟೇ. ಆಮೇಲೆ ಪುಟ ತಿರುವಿದಳು, ಇನ್ನೊಂದು ತಿರುವಿದಳು, ಕೊನೆಯ ಪುಟಕ್ಕೆ ಹೋಗಿ ಮತ್ತೆ ಮೊದಲಿಗೆ ಬಂದಳು. ಹುಬ್ಬು ಗಂಟಿಕ್ಕಿತ್ತು. ಮತ್ತೆ "ಮಾವ" ಒತ್ತಿ, ಮತ್ತೆ ಹುಡುಕಿದಳು.

"ಏನು ಬೇಕಂತೆ ಅಕ್ಕಾ? ನೀರಾ?" ಎಂದು ಅವನು ಎದ್ದೇಬಿಟ್ಟ.

ಅಕ್ಕ ದಾರ ಕಡಿದು ಅಂಗಿ ಕೆಳಗಿಟ್ಟಳು. "ನಿನ್ನ ಬೈಯೋಕೆ ಹುಡುಕ್ತಿದಾಳೆ. ಬೈಯೋಕೆ ಅದರಲ್ಲಿ ಏನಿದೆ? ನೀರು, ಊಟ, ನಿದ್ದೆ, ಥ್ಯಾಂಕ್ಸ್. ಹೊಸ ಮಾತು ಹಾಕ್ಬೇಕು ಅಂತ ಬಡ್ಕೊಂಡೆ, ನೀನು ತೆಗೆದುಕೊಡಲಿಲ್ಲ."

ಅವನ ಮುಖ ಕೆಂಪೇರಿತು. ಪುಟ್ಟಿಯ ಎದುರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಟ್ಯಾಬನ್ನು ಅವಳ ಕೈಯಿಂದ ತೆಗೆದುಕೊಳ್ಳದೆ, ಅವಳ ಮಡಿಲಲ್ಲೇ ಇರಿಸಿ, ಅಕ್ಕ ಪಿನ್ ಹಾಕುವ ತನಕ ಕಾದ. ಮುಖ ಸಿಂಡರಿಸಿದ ಒಂದು ಚಿತ್ರ ಹುಡುಕಿ, ಮಾವನ ಚಿತ್ರದ ಪಕ್ಕದಲ್ಲೇ ಇಟ್ಟ. ಅಕ್ಕ ಬಗ್ಗಿ ಮಾತು ತುಂಬಿಸಿದಳು. ಅವಳ ದನಿಯಲ್ಲಿ ನಟನೆಯೇನೂ ಇರಲಿಲ್ಲ.

ಪುಟ್ಟಿ ಹೊಸ ಚಿತ್ರವನ್ನು ಒಂದು ಗಳಿಗೆ ದಿಟ್ಟಿಸಿದಳು. ಆಮೇಲೆ ಅವನ ಕಣ್ಣನ್ನೇ ನೋಡುತ್ತ ಎರಡೂ ಚಿತ್ರ ಒತ್ತಿದಳು.

"ಮಾವ. ನನಗೆ ಕೋಪ ಬಂದಿದೆ."

ಮತ್ತೆ ಒತ್ತಿದಳು. "ಮಾವ. ನನಗೆ ಕೋಪ ಬಂದಿದೆ." ಬೆರಳಿನ ತುದಿ ಬೆಳ್ಳಗಾಗುವಷ್ಟು ಜೋರಾಗಿ ಒತ್ತಿದಳು. ಅವನ ಜೇಬಿನಲ್ಲಿ ಕಚೇರಿಯ ಫೋನು ಗುರುಗುಟ್ಟುತ್ತಿತ್ತು. ಅವನು ತೆಗೆಯಲಿಲ್ಲ. ಕಣ್ಣು ತುಂಬಿ ಪರದೆ ಮಂಜಾಗಿ ಕಾಣುತ್ತಿತ್ತು.

"ಇನ್ನೊಂದ್ಸಲ ಹೇಳು" ಎಂದ.

ಅವಳು ಹೇಳಿದಳು.